ಬಾಲ ಕಪ್ಪಾದ ಮೀನುಗಳು

ಸೊಣ್ಣಮ್ಮನನ್ನು ನಮ್ಮ ತಾತ ಹರಾಜಿನಲ್ಲಿ ಕೂಗಿ ತಂದರು ಅಂತ ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ತಮಾಷೆ ಮಾಡುತ್ತಿದ್ದರಂತೆ. ತಾತ ಕೂಗಿದ್ದು ಒಂದು ಗಾಜಿನ ತೊಟ್ಟಿಯನ್ನ, ಅದರೊಳಗಿದ್ದ ಹನ್ನೊಂದು ಹೊಂಬಣ್ಣದ ಮೀನುಗಳನ್ನ. ತೊಟ್ಟಿಯ ಹಿಂದೆಯೇ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಸೊಣ್ಣಮ್ಮ ಗಾಡಿ ಹತ್ತಿದಳು. ಅವಳನ್ನು ಯಾರೂ ಕರೆದಿರಲಿಲ್ಲ. "ಇವನ್ನ ನೋಡ್ಕೊಳ್ಳೋದು ನಿಮಗೆ ಗೊತ್ತಾಗಲ್ಲ ಯಜಮಾನ್ರೇ, ಎಂಟು ದಿನದಲ್ಲಿ ಸಾಯ್ತವೆ" ಅಂದಳಂತೆ. ತಾತ ನಕ್ಕು, ಸರಿ ಬಾ ಅಂದರು.

ಅದು ಸಾವಿರದ ಒಂಬೈನೂರ ನಲವತ್ತೊಂದು. ಯುದ್ಧ ನಡೆಯುತ್ತಿತ್ತು. ತಾತ ಗೋಪಾಲಪ್ಪನವರು ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡಿಸುವ ದೊಡ್ಡ ಷೆಡ್ಡು ಇಟ್ಟಿದ್ದರು. ಪ್ಯಾರಾಚೂಟಿಗೆ ರೇಷ್ಮೆ ಎಷ್ಟಿದ್ದರೂ ಸಾಲದು ಅನ್ನುವ ಕಾಲ; ಮನೆಗೆ ಕೆಂಪು ನೆಲ ಬಂತು, ದೊಡ್ಡ ಗಡಿಯಾರ ಬಂತು, ಕೊನೆಗೆ ಮೀನಿನ ತೊಟ್ಟಿಯೂ ಬಂತು. ನಾನು ಆಗ ಹುಟ್ಟಿರಲಿಲ್ಲ. ಇದನ್ನೆಲ್ಲ ನನಗೆ ಹೇಳಿದವರು ಇಬ್ಬರು. ಒಬ್ಬಳು ನನ್ನ ತಾಯಿ ವರಲಕ್ಷ್ಮಮ್ಮ, ಆ ಮನೆಯ ಒಬ್ಬಳೇ ಸೊಸೆ. ಇನ್ನೊಬ್ಬಳು ಸೊಣ್ಣಮ್ಮನೇ. ಒಂದು ಮಗುವಿನ ವಿಷಯಕ್ಕೆ ಬಂದಾಗ ಮಾತ್ರ ಇಬ್ಬರೂ ಅರ್ಧಕ್ಕೇ ಎದ್ದು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಿದ್ದರು.

ಸೊಣ್ಣಮ್ಮನ ಊರು ಬೂದಿಗೆರೆ ಕಡೆಯ ಒಂದು ಹಳ್ಳಿ. ಇಪ್ಪತ್ತರ ಒಳಗೇ ಗಂಡ ಹೋದ. ಅಣ್ಣನ ಮನೆಯಲ್ಲಿ ಇರಲಾರದೆ ಬಿಳಿಯರಿದ್ದ ಬೆಂಗಳೂರು ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ ಹೋಗಿ, ಒಬ್ಬ ಮುದಿ ದೊರೆಸಾನಿಯ ಬಂಗಲೆಯಲ್ಲಿ ತೋಟ ಗುಡಿಸುವ ಕೆಲಸಕ್ಕೆ ಸೇರಿದಳು. ದೊರೆಸಾನಿಗೆ ಮಕ್ಕಳಿರಲಿಲ್ಲ, ಮೀನುಗಳಿದ್ದವು. ತೋಟದಲ್ಲಿ ಒಂದು ಕಲ್ಲಿನ ಕೊಳ, ಬಂಗಲೆಯ ಒಳಗೆ ಎರಡು ಗಾಜಿನ ತೊಟ್ಟಿ. ಕಣ್ಣು ಮಂಜಾಗುತ್ತಾ ಬಂದಾಗ ಆಕೆ ಸೊಣ್ಣಮ್ಮನನ್ನೇ ಪಕ್ಕದಲ್ಲಿ ಕೂರಿಸಿಕೊಂಡು, "ನೋಡು, ಏನು ಕಾಣುತ್ತೆ ಹೇಳು" ಅಂತ ಕೇಳುತ್ತಿದ್ದಳು. ಹೀಗೆ ಕೇಳಿಸಿಕೊಂಡು ಹೇಳಿಕೊಂಡು ಹದಿನೈದು ವರ್ಷದಲ್ಲಿ ಸೊಣ್ಣಮ್ಮ ಮೀನಿನ ಕಾಯಿಲೆ ಕಲಿತಳು. ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕಿ ಬಂದರೆ ಕಲ್ಲುಪ್ಪು, ಜೊತೆಗೆ ನೀರು ಸ್ವಲ್ಪ ಬೆಚ್ಚಗಿರಬೇಕು. ರೆಕ್ಕೆ ಅಂಚು ಹರಿದು ಕೊಳೆತರೆ, ಕಾಲರಾ ಬಂದಾಗ ಬಾವಿಗೆ ಹಾಕುವ ಕೆಂಪು ಔಷಧಿ, ನೀರು ತೆಳು ಗುಲಾಬಿ ಆಗುವಷ್ಟೇ. ಹೊಟ್ಟೆ ಊದಿ ಹುರುಪೆ ಎದ್ದು ನಿಂತರೆ ಏನೂ ಮಾಡುವ ಹಾಗಿಲ್ಲ, ಬೇರೆ ಇಟ್ಟು ಕಾಯಬೇಕು. ಯಾವುದೇ ಔಷಧಿಗೆ ಕೈಹಾಕುವ ಮೊದಲು ನೀರನ್ನು ಅನುಮಾನಿಸಬೇಕು. ದೊರೆಸಾನಿ ತೀರಿಕೊಂಡು ಬಂಗಲೆಯ ಸಾಮಾನು ಹರಾಜಿಗೆ ಬಂದಾಗಲೇ ತಾತ ಆ ತೊಟ್ಟಿಯನ್ನು ಕೂಗಿದ್ದು.

ನಮ್ಮ ಮನೆಯಲ್ಲಿ ಒಂದು ವರ್ಷ ಎಲ್ಲ ಚೆನ್ನಾಗಿಯೇ ನಡೆಯಿತು. ರೇಷ್ಮೆ ಸಾಹುಕಾರರು ಬಂದಾಗ ತಾತ ನಡುಮನೆಯಲ್ಲಿ ತೊಟ್ಟಿಯ ಪಕ್ಕದಲ್ಲೇ ಕೂರುತ್ತಿದ್ದರು. ಅಕ್ಕ ಭಾಗ್ಯ, ಎಂದರೆ ನನ್ನ ತಾಯಿಯ ಮೊದಲ ಮಗು, ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಿತ್ತು. ಮೂರು ವರ್ಷದ ಕೂಸು. ಸೊಣ್ಣಮ್ಮ ದಿನಕ್ಕೆರಡು ಸಲ ಚೊಂಬಿನಲ್ಲಿ ನೀರೆತ್ತಿ ಮೇಲಿಂದ ಸುರಿದು ನೀರಿಗೆ ಗಾಳಿ ಆಡಿಸುವಾಗ, ಚೊಂಬು ತನಗೂ ಬೇಕೆಂದು ಹಟ ಮಾಡುತ್ತಿತ್ತು. ಅಜ್ಜಿ ಅಮ್ಮಯಮ್ಮನಿಗೆ ಮಾತ್ರ ತೊಟ್ಟಿ ಕಂಡರಾಗದು. "ತಿನ್ನೋ ಮೀನನ್ನ ದೇವರ ಹಾಗೆ ಕೂರಿಸ್ಕೊಂಡಿದ್ದೀರಲ್ಲ, ಇದು ಒಳ್ಳೇದಕ್ಕಲ್ಲ" ಅನ್ನುತ್ತಿದ್ದರು.

ನಲವತ್ತೆರಡರ ದೀಪಾವಳಿಗೆ ಮುಂಚೆ ಕಲಾಯಿ ಹಾಕುವ ಪಾಪಯ್ಯ ಬಂದ. ಅಡುಗೆಯ ಹಿತ್ತಾಳೆ ತಪ್ಪಲೆಗಳ ಒಳಮೈಗೆ ವರ್ಷಕ್ಕೊಮ್ಮೆ ತವರ ಬಳಿಸಬೇಕಲ್ಲ, ಇಲ್ಲದಿದ್ದರೆ ಹುಳಿ ಕಿಲುಬು ಹಿಡಿಯುತ್ತದೆ. ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ, ಎರಡು ದಿನ ಕೂತು ಮನೆಯ ಪಾತ್ರೆಗಳಿಗೆಲ್ಲ ಕಲಾಯಿ ಮಾಡಿದ. ಮುದ್ದೆಗೆ ಎಸರಿಡುವ ತಪ್ಪಲೆ, ಹುಳಿ ಕುದಿಸುವ ತಪ್ಪಲೆ, ಹಾಲು ಕಾಯಿಸುವ ತಪ್ಪಲೆ, ಹಬ್ಬದ ಎರಡು ದೊಡ್ಡ ಕೊಳದಪ್ಪಲೆ, ಕುಡಿಯುವ ನೀರಿನ ಕೊಳಗ. ಆ ಸಲದ ಹೊಳಪು ಬೇರೆಯಾಗಿತ್ತು ಅಂತ ಅಮ್ಮ ನೆನೆಯುತ್ತಿದ್ದಳು. ಬೆಳ್ಳಿಯ ಹಾಗೆ ಬಿಳಿಯಾಗಿರಲಿಲ್ಲ, ಮೋಡ ಮುಸುಕಿದ ಆಕಾಶದ ಬಣ್ಣ.

ಆ ತಿಂಗಳು ಮಳೆ ಹಿಡಿದುಕೊಂಡಿತು. ಮೀನಿಗೆ ಮಳೆನೀರಿನಷ್ಟು ಒಳ್ಳೆಯದಿಲ್ಲ ಅಂತ ದೊರೆಸಾನಿ ಹೇಳಿಕೊಟ್ಟಿದ್ದಳು. ಸೊಣ್ಣಮ್ಮ ಸೂರಿನ ನೀರು ಹಿಡಿದು, ಅಮ್ಮಯಮ್ಮನನ್ನು ಕೇಳಿ, ಒಂದು ಕೊಳದಪ್ಪಲೆಯಲ್ಲಿ ಎರಡು ದಿನ ತಿಳಿಯಾಗಲು ಬಿಟ್ಟು ತೊಟ್ಟಿಗೆ ಹಾಕಿದಳು. ವಾರಕ್ಕೊಮ್ಮೆ ಹೀಗೇ.

ಕಾರ್ತಿಕ ಮುಗಿಯುವ ಹೊತ್ತಿಗೆ ಒಂದು ಮೀನು ಮೂಲೆ ಹಿಡಿಯಿತು. ಆಮೇಲೆ ಇನ್ನೊಂದು. ಮೇವು ಹಾಕಿದರೆ ಬಾಯಿಗೆ ತೆಗೆದುಕೊಂಡು ಉಗುಳುತ್ತಿದ್ದವು. ಮೈಮೇಲೆ ತೆಳ್ಳಗೆ ಗಂಜಿ ಸವರಿದ ಹಾಗೆ ಲೋಳೆ. ಕಿವಿರು ಬಡಿದುಕೊಳ್ಳುವುದು ಹೆಚ್ಚಾಯಿತು, ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಸೊಣ್ಣಮ್ಮ ಉಪ್ಪು ಹಾಕಿದಳು, ಏನೂ ಆಗಲಿಲ್ಲ. ಕೆಂಪು ಔಷಧಿ ಹಾಕಿದಳು, ಒಂದು ಸತ್ತಿತು. ನೀರು ಅನುಮಾನಿಸಬೇಕು ಅಂತ ಗೊತ್ತಿದ್ದವಳು ತಾನೇ, ಅರ್ಧ ನೀರು ತೆಗೆದು ಹೊಸ ಮಳೆನೀರು ತುಂಬಿದಳು. ಅದೇ ಕೊಳದಪ್ಪಲೆಯಿಂದ. ಇನ್ನೆರಡು ಸತ್ತವು. ಮಳೆ ನಿಂತ ಮೇಲೂ ಮನೆಯ ಬಾವಿಯ ನೀರನ್ನು ಅದರಲ್ಲೇ ತಿಳಿಯಾಗಲು ಬಿಟ್ಟು ಹಾಕುತ್ತಿದ್ದಳು.

"ನನ್ನ ಕೈಯಾರೆ ಕೊಟ್ಟೆ ಕಣವ್ವ" ಅಂತ ನನಗೆ ಹೇಳುವಾಗ ಮುದಿ ಸೊಣ್ಣಮ್ಮ ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದಳು. "ಔಷಧಿ ಅಂತ ಕೊಟ್ಟೆ."

ಮನೆಯಲ್ಲೂ ಏನೋ ನೆಟ್ಟಗಿರಲಿಲ್ಲ. ಅಮ್ಮಯಮ್ಮನಿಗೆ ಹೊಟ್ಟೆನೋವು ಶುರುವಾಯಿತು. ಬಂದರೆ ಒನಕೆಯಿಂದ ಕುಟ್ಟಿದ ಹಾಗೆ, ಮಡಿಚಿಕೊಂಡು ಮಲಗುತ್ತಿದ್ದರು. ತಾತನಿಗೂ ನನ್ನ ತಂದೆಗೂ ಬಾಯೆಲ್ಲ ಸಪ್ಪೆ, ವೀಳ್ಯದೆಲೆಯೂ ರುಚಿಸದು. ಸಂಕ್ರಾಂತಿಗೆ ಮುಂಚೆ ನನ್ನ ತಾಯಿಗೆ ನಾಲ್ಕು ತಿಂಗಳ ಬಸಿರು ಇಳಿದುಹೋಯಿತು. ಭಾಗ್ಯ ಬಿಳಿಚಿಕೊಂಡಿತು. ಓಡಾಡುತ್ತಿದ್ದ ಮಗು ಕಂಬಕ್ಕೆ ಒರಗಿ ಕೂತರೆ ಏಳುತ್ತಿರಲಿಲ್ಲ. ವಾರಗಟ್ಟಲೆ ಹೊಟ್ಟೆ ಕಟ್ಟುತ್ತಿತ್ತು. ದೇವನಹಳ್ಳಿಯಿಂದ ಬಂದ ಒಬ್ಬ ಡಾಕ್ಟರು ಜಂತುಹುಳ ಅಂದು ಹರಳೆಣ್ಣೆ ಕುಡಿಸಿದರು. ಪಂಡಿತರು ಪಿತ್ತ ಅಂದರು. ಯಾರು ಏನು ಕೊಟ್ಟರೂ ಅದನ್ನು ಕಲಸಿದ್ದು, ಕಾಯಿಸಿದ್ದು ಆ ಮನೆಯ ಪಾತ್ರೆಗಳಲ್ಲೇ.

ಷೆಡ್ಡಿನ ಕೆಲಸದವರಿಗೆ ಏನೂ ಆಗಿರಲಿಲ್ಲ. ಹಿತ್ತಿಲ ಕೋಣೆಯಲ್ಲಿ ಮಣ್ಣಿನ ಮಡಕೆಯಲ್ಲಿ ತಾನೇ ಬೇಯಿಸಿಕೊಂಡು ತಿನ್ನುವ ಸೊಣ್ಣಮ್ಮನಿಗೂ ಏನೂ ಆಗಿರಲಿಲ್ಲ. ಅದನ್ನು ಮೊದಲು ಗಮನಿಸಿದವರು ಅಮ್ಮಯಮ್ಮ.

"ಲೇ ಸೊಣ್ಣಿ, ನಮ್ಮ ಮನೇವ್ರೆಲ್ಲ ಹಾಸಿಗೆ ಹಿಡೀತಾವ್ರೆ. ನೀನೊಬ್ಬಳು ಗುಂಡುಕಲ್ಲಿನ ಹಾಗೆ ಇದ್ದೀಯಲ್ಲ, ಹ್ಯಾಗೆ?"

ಆ ಪ್ರಶ್ನೆ ಸೊಣ್ಣಮ್ಮನಿಗೂ ಬಂದಿತ್ತು. ಒಂದು ಸಂಜೆ ಭಾಗ್ಯಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದಾಗ ಮಗು ಆಕಳಿಸಿತು. ಕೆಳಗಿನ ಒಸಡಿನ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಎಳೆದ ಹಾಗೆ ಒಂದು ನೀಲಿಗಪ್ಪು ಗೆರೆ. ತೊಟ್ಟಿಯಲ್ಲಿ ಉಳಿದಿದ್ದ ಮೀನುಗಳ ಬಾಲಗಳೂ ಆ ವಾರವೇ ಕಪ್ಪಾಗತೊಡಗಿದ್ದವು. ತುದಿಯಿಂದ ಶುರುವಾಗಿ ದಿನದಿನಕ್ಕೂ ಮೇಲಕ್ಕೆ, ಮಸಿ ಹಚ್ಚಿದ ಹಾಗೆ. ಒಂದರ ಬೆನ್ನು ಕುಡುಗೋಲಿನ ಹಾಗೆ ಡೊಂಕಾಗಿ, ಅದು ಒಂದೇ ಕಡೆಗೆ ಸುತ್ತುತ್ತಿತ್ತು. ಹೀಗೆ ಬಾಲ ಕಪ್ಪಾಗಿದ್ದನ್ನು ಸೊಣ್ಣಮ್ಮ ಹಿಂದೆ ಒಂದು ಸಲ ನೋಡಿದ್ದಳು. ಎಲ್ಲಿ, ಯಾವಾಗ, ನೆನಪಿಗೆ ಬರಲಿಲ್ಲ.

ಫಾಲ್ಗುಣದಲ್ಲಿ ಭಾಗ್ಯಳಿಗೆ ಸೆಳವು ಬಂತು. ಬೆಳಗ್ಗೆ ಹಾಲು ಕುಡಿದು ಕೂತಿದ್ದ ಮಗು ಕೈಕಾಲು ಬಿಗಿದುಕೊಂಡಿತು, ಕಣ್ಣು ಮೇಲಾಯಿತು. ಮಧ್ಯಾಹ್ನದೊಳಗೆ ನಾಲ್ಕು ಸಲ. ದೇವನಹಳ್ಳಿಗೆ ಕರೆದೊಯ್ಯಲು ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಗ್ಯಾಸಿನ ಬಸ್ಸಿಗೆ ಕಾದರು. ಬಸ್ಸು ಬರುವ ಮೊದಲೇ ಮಗು ಅಮ್ಮನ ತೊಡೆಯ ಮೇಲೆ ಹೋಗಿಬಿಟ್ಟಿತು.

ಹನ್ನೊಂದನೆಯ ದಿನ ಕಳೆದ ಮೇಲೆ ಅಮ್ಮಯಮ್ಮ ಅಂಗಳದಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ ಹೇಳಿದರು. ಸೊಣ್ಣಿ ಕೆಂಪು ಪುಡಿ ಕಲಸುವುದನ್ನು ತಾನು ನೋಡಿದ್ದೇನೆ. ತೊಟ್ಟಿಗೆ ಏನೇನೋ ಹಾಕುತ್ತಾಳೆ, ಅದೇ ಕೈಯಲ್ಲಿ ಮಗುವನ್ನ ಎತ್ತಿಕೊಳ್ಳುತ್ತಿದ್ದಳು. "ಮೀನಿಗೆ ಹಾಕಿದ್ದೋ, ನನ್ನ ಕೂಸಿಗೆ ಹಾಕಿದ್ದೋ?"

ತಾತ ಅವಳನ್ನು ಹೊಡೆಯಲೂ ಇಲ್ಲ, ಓಡಿಸಲೂ ಇಲ್ಲ. ಮನೆಯ ಹೊಸಿಲು ತುಳಿಯಬಾರದು, ಬಾವಿಯ ಹಗ್ಗ ಮುಟ್ಟಬಾರದು, ಪಾತ್ರೆ ಮುಟ್ಟಬಾರದು ಅಂದರು. ಆಳುಗಳು ತೊಟ್ಟಿಯನ್ನು ಹೊತ್ತು ದನದ ಕೊಟ್ಟಿಗೆಯಲ್ಲಿಟ್ಟರು. ಉಳಿದಿದ್ದವು ಐದು ಮೀನು. ಬೇರೆಯವಳಾಗಿದ್ದರೆ ಆ ದಿನವೇ ಊರು ಬಿಡುತ್ತಿದ್ದಳು. ಸೊಣ್ಣಮ್ಮ ಯಾಕೆ ಬಿಡಲಿಲ್ಲ ಅಂತ ನಾನು ಕೇಳಿದ್ದೇನೆ. "ಹೋದ್ರೆ ಅವಳೇ ಅನ್ನೋದು ನಿಜವಾಗ್ತಿತ್ತು. ಮತ್ತೆ, ಒಳಗೆ ಇನ್ನೂ ನಾಲ್ಕು ಜನ ಇದ್ರು" ಅಂದಳು.

ಮನೆಯ ಪಾತ್ರೆ ಮುಟ್ಟುವ ಹಾಗಿಲ್ಲವಾದ್ದರಿಂದ ಅವಳು ಊರ ಹೊರಗಿನ ತೋಟದ ಬಾವಿಯಿಂದ ಮಡಕೆಯಲ್ಲಿ ನೀರು ಹೊತ್ತು ತೊಟ್ಟಿಗೆ ಹಾಕತೊಡಗಿದಳು. ಬೆನ್ನು ಡೊಂಕಾದ ಮೀನು ಮೂರನೆಯ ದಿನ ಸತ್ತಿತು. ಮಿಕ್ಕ ನಾಲ್ಕು ಸಾಯಲಿಲ್ಲ. ಹದಿನೈದು ದಿನ ಕಳೆಯಿತು, ಸಾಯಲಿಲ್ಲ. ಒಂದು ಬೆಳಗ್ಗೆ ಹಿಟ್ಟಿನುಂಡೆ ಹಾಕಿದರೆ ಎರಡು ಮೀನು ಜಗಳವಾಡಿ ತಿಂದವು. ಮೈಮೇಲಿನ ಲೋಳೆ ಹೋಗಿತ್ತು.

ಔಷಧಿಯನ್ನೇ ಹಾಕಿಲ್ಲ, ಬದಲಾದದ್ದು ನೀರು ಮಾತ್ರ. ಬಾವಿ ಬೇರೆಯಾಯಿತು ಅಂತಲೋ, ಮಡಕೆ ಬೇರೆಯಾಯಿತು ಅಂತಲೋ? ಕೊಟ್ಟಿಗೆಯಲ್ಲಿ ಸಗಣಿಯ ಪುಟ್ಟಿ ಮಗುಚಿ ಹಾಕಿಕೊಂಡು ಅದರ ಮೇಲೆ ಕೂತು ಯೋಚಿಸಿದಳು. ಷೆಡ್ಡಿನ ಕೆಲಸದವರು ಕುಡಿಯುವುದು ಮನೆಯ ಬಾವಿಯ ನೀರನ್ನೇ, ಮಣ್ಣಿನ ಹರವಿಯಿಂದ. ಅವರಿಗೇನೂ ಆಗಿಲ್ಲ. ಹಾಗಾದರೆ ಬಾವಿಯದಲ್ಲ.

ಆಗ ಅವಳಿಗೆ ದೊರೆಸಾನಿಯ ತೋಟದ ಕೊಳ ನೆನಪಾಯಿತು. ಒಂದು ವರ್ಷ ಕೊಳಕ್ಕೆ ಹೊಸ ಕೊಳವೆ ಹಾಕಿಸಿದ್ದರು, ಬಾಗಿಸಿದರೆ ಬಾಗುವ ಬೂದುಬಣ್ಣದ ಕೊಳವೆ. ಎರಡು ತಿಂಗಳಲ್ಲಿ ಮೀನುಗಳ ಬಾಲ ಕಪ್ಪಾಯಿತು, ಬೆನ್ನು ಬಾಗಿತು. ದೊರೆಸಾನಿ ಕೊಳವೆಯನ್ನು ಕಿತ್ತೆಸೆಯಿಸಿ, ಅದನ್ನು ಒಂದು ಬಿಳಿ ಬಟ್ಟೆಯಿಂದ ಉಜ್ಜಿ, ಬಟ್ಟೆಗೆ ಹತ್ತಿದ ಮಸಿಯನ್ನು ತೋರಿಸಿ "ಸೀಸ, ಸೊಣ್ಣ, ಸೀಸ. ಬಾಯಿಗೆ ಹೋಗಬಾರದು" ಅಂದಿದ್ದಳು. ಕೊಳವೆ ಮುಟ್ಟಿದ ಕೈಯನ್ನು ಮೂರು ಸಲ ತೊಳೆಸಿದ್ದಳು.

ಮರುದಿನ ಮಧ್ಯಾಹ್ನ ಅಮ್ಮ ಹಿತ್ತಿಲಿಗೆ ಬಂದಾಗ ಸೊಣ್ಣಮ್ಮ ದೂರದಿಂದಲೇ ಕರೆದಳು.

"ಅಮ್ಮಣ್ಣಿ, ನನ್ನ ಮೇಲೆ ನಿಮಗೂ ಅನುಮಾನ ಐತಾ?"

"ನನಗೆ ಏನೂ ಗೊತ್ತಾಗ್ತಿಲ್ಲ ಸೊಣ್ಣಕ್ಕ" ಅಂದಳು ನನ್ನ ತಾಯಿ. ಅವಳು ಆಗ ಇಪ್ಪತ್ತೊಂದರವಳು. ಸೊಂಟ ಹಿಡಿದುಕೊಂಡು ನಡೆಯುತ್ತಿದ್ದಳು.

"ಹಾಗಾದ್ರೆ ಒಂದು ಕೆಲಸ ಮಾಡಿ. ಕುಡಿಯೋ ನೀರಿನ ಕೊಳಗದಿಂದ, ರಾತ್ರಿಯೆಲ್ಲ ನಿಂತಿರೋ ನೀರು, ದಿನಾ ಒಂದು ಚೊಂಬು ನನಗೆ ತಂದು ಸುರೀರಿ. ಯಾರಿಗೂ ಹೇಳ್ಬೇಡಿ."

ಒಂದು ಮಣ್ಣಿನ ಬಾನಿಯಲ್ಲಿ ಮಡಕೆಯ ನೀರು, ಇನ್ನೊಂದರಲ್ಲಿ ಕೊಳಗದ ನೀರು. ಇದರಲ್ಲೆರಡು ಮೀನು, ಅದರಲ್ಲೆರಡು. ಎರಡಕ್ಕೂ ಒಂದೇ ಹಿಟ್ಟಿನುಂಡೆ, ಒಂದೇ ನೆರಳು. ಅಮ್ಮ ದಿನಾ ಸೆರಗಿನಲ್ಲಿ ಚೊಂಬು ಮುಚ್ಚಿ ತಂದಳು. ಇಪ್ಪತ್ತನೆಯ ದಿನ ಕೊಳಗದ ನೀರಿನ ಮೀನುಗಳು ಹಿಟ್ಟು ಉಗುಳಿದವು. ಮೈಮೇಲೆ ಮತ್ತೆ ಗಂಜಿ. ಸೊಣ್ಣಮ್ಮ ತಕ್ಷಣ ಅವನ್ನು ತೆಗೆದು ಒಳ್ಳೆಯ ನೀರಿಗೆ ಬಿಟ್ಟಳು, ಆ ಎರಡರಲ್ಲಿ ಒಂದು ಮಾತ್ರ ಉಳಿಯಿತು. ಅಮ್ಮ ಒಳಗೆ ಹೋಗಿ ಬಿಳಿ ಪಂಚೆಯ ತುಂಡಿನಿಂದ ಹುಳಿ ತಪ್ಪಲೆಯ ಒಳಮೈಯನ್ನು ಉಜ್ಜಿ ತಂದು ತೋರಿಸಿದಳು. ಬಟ್ಟೆ ಕರ್ರಗಾಗಿತ್ತು. ಇಬ್ಬರೂ ಅದನ್ನು ನೋಡಿಕೊಂಡು ಬಿಸಿಲಲ್ಲಿ ನಿಂತರು. ಆ ತಪ್ಪಲೆಯಲ್ಲಿ ಅಮ್ಮ ಆರು ತಿಂಗಳು ಹುಣಸೆಹುಳಿ ಕುದಿಸಿದ್ದಳು. ಅದರಲ್ಲೇ ಮಗುವಿಗೆ ಅನ್ನ ಮಿದ್ದು ಸಾರು ಬಿಟ್ಟಿದ್ದಳು.

ತಾತ ಷೆಡ್ಡಿನಿಂದ ಬರುವಾಗ ಸೊಣ್ಣಮ್ಮ ದಾರಿಗೆ ಅಡ್ಡ ನಿಂತಳು. ಎಲ್ಲ ಹೇಳಿದಳು, ಬಟ್ಟೆ ತೋರಿಸಿದಳು. "ಪಾಪಯ್ಯ ತವರದ ಬದಲು ಸೀಸ ಬಳಿದವ್ನೆ ಯಜಮಾನ್ರೇ. ಅವನನ್ನ ಕರೆಸಿ ಕೇಳಿ."

ತಾತ ಬಟ್ಟೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮಡಿಚಿ ಜೇಬಿಗೆ ಹಾಕಿಕೊಂಡರು.

"ಪಾಪಯ್ಯನ್ನ ಕರೆಸೋದು ಬೇಡ" ಅಂದರು.

"ಯಾಕೆ ಯಜಮಾನ್ರೇ?"

"ಬೇಡ ಅಂದೆ. ಈ ವಿಷಯ ಇನ್ನೊಂದು ಕಿವಿಗೆ ಬೀಳಬಾರದು."

ಅವರ ಮುಖ ಕಂಡು ಸೊಣ್ಣಮ್ಮ ಹಿಂದಕ್ಕೆ ಸರಿದಳಂತೆ. ಸಿಟ್ಟಿನ ಮುಖವಲ್ಲ ಅದು. ಬಾವಿಗೆ ಬಗ್ಗಿ ನೋಡುವವನ ಮುಖ.

ಆ ವಾರವೇ ಕುಂಬಾರರ ಗಾಡಿ ಬಂತು. ಮಗು ಹೋದ ಮನೆ, ಒಂದು ವರ್ಷ ಲೋಹದಲ್ಲಿ ಅಡುಗೆ ಮಾಡುವುದಿಲ್ಲ ಅಂತ ಹರಕೆ ಹೊತ್ತಿದ್ದೇನೆ ಅಂದರು ತಾತ. ತಪ್ಪಲೆಗಳು ಅಟ್ಟ ಸೇರಿದವು. ಮಳೆಗಾಲ ಮುಗಿಯುವಷ್ಟರಲ್ಲಿ ಅಮ್ಮಯಮ್ಮನ ಹೊಟ್ಟೆನೋವು ನಿಂತಿತು. ಅಮ್ಮನ ಸೊಂಟ ನೆಟ್ಟಗಾಯಿತು. ಹರಕೆ ಫಲಿಸಿತು ಅಂತ ಅಜ್ಜಿ ಎಲ್ಲರ ಹತ್ತಿರ ಹೇಳಿಕೊಂಡರು. ಸೊಣ್ಣಮ್ಮನ ಮೇಲಿನ ಮಾತು ಮಾತ್ರ ಹಾಗೇ ಉಳಿಯಿತು. ಅದನ್ನು ತೆಗೆದುಹಾಕಬಲ್ಲವರು ಒಬ್ಬರೇ ಇದ್ದರು. ಅವರು ಬಾಯಿ ಬಿಡಲಿಲ್ಲ.

ಸೊಣ್ಣಮ್ಮ ಪಾಪಯ್ಯನನ್ನು ಹುಡುಕಿಕೊಂಡು ತಾನೇ ಹೋದಳು. ಅವನ ಗುಡಿಸಲು ಹೊಸಕೋಟೆ ದಾರಿಯಲ್ಲಿತ್ತು. ಪಾಪಯ್ಯ ಬಾಗಿಲಲ್ಲೇ ಕೂತಿದ್ದ. ಸೀಸ ಬಳಿದ ಎರಡೂ ಕೈಗಳು ಮುಂಗೈಯಿಂದ ಕೆಳಕ್ಕೆ ಜೋತುಬಿದ್ದಿದ್ದವು, ಒಣಗಿಹಾಕಿದ ಬಟ್ಟೆಯ ಹಾಗೆ. ಅವನ ಹೆಂಡತಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು.

"ಮಲಯ ಜಪಾನಿನೋರ ಕೈಗೆ ಹೋದ ಮೇಲೆ ತವರ ಎಲ್ಲಿಂದ ಬರ್ತದೆ?" ಅಂದ. "ಈ ವರ್ಷ ಕಲಾಯಿ ಆಗಲ್ಲ ಅಂತಲೇ ಹೇಳ್ದೆ ನಿಮ್ಮ ಗೋಪಾಲಪ್ಪನೋರಿಗೆ. ಹಬ್ಬಕ್ಕೆ ನೆಂಟರು ಬರ್ತಾರೆ, ಪಾತ್ರೆ ಮಂಕಾಗಿದ್ರೆ ಮರ್ಯಾದೆ ಅಲ್ಲ ಅಂದ್ರು. ಬೆಂಗಳೂರಿಂದ ಸೀಸದ ಗಟ್ಟಿ ಅವರೇ ತರಿಸಿದ್ರು. ಇದನ್ನೇ ಬಳಿ, ಹೊಳೆದ್ರೆ ಸಾಕು ಅಂದ್ರು. ನಾನು ಬಳಿದೆ. ಮಿಕ್ಕಿದ್ದನ್ನ ನನಗೇ ಕೊಟ್ರು."

"ಮಿಕ್ಕಿದ್ದನ್ನ ಏನು ಮಾಡ್ದೆ?"

ಪಾಪಯ್ಯ ತಲೆ ತಗ್ಗಿಸಿ ಊರುಗಳ ಹೆಸರು ಹೇಳತೊಡಗಿದ. ಆರು, ಏಳು. ಸೊಣ್ಣಮ್ಮ ಎದ್ದು ಬಂದಳು. ದಾರಿಯುದ್ದಕ್ಕೂ ಆ ಊರುಗಳ ಹೆಸರನ್ನು ಮರೆಯದ ಹಾಗೆ ಹೇಳಿಕೊಳ್ಳುತ್ತಾ ನಡೆದಳು.

ಇದನ್ನು ಅಮ್ಮನಿಗೆ ಹೇಳುವುದೋ ಬೇಡವೋ ಅಂತ ಅವಳು ಎರಡು ತಿಂಗಳು ಒದ್ದಾಡಿದಳು. ಹೇಳಬೇಕಾದ ಗಳಿಗೆಯನ್ನು ತಾತನೇ ತಂದರು. ಮಾರ್ಗಶಿರದಲ್ಲಿ ಘಾಟಿ ಸುಬ್ರಹ್ಮಣ್ಯಕ್ಕೆ ನಡೆದು ಹೋಗುವವರು ದಾರಿಯ ಒಂದು ಛತ್ರದಲ್ಲಿ ಉಂಡು ಮಲಗಿ ಹೋಗುತ್ತಿದ್ದರು. ಆ ಛತ್ರಕ್ಕೆ ಮೊಮ್ಮಗಳ ಹೆಸರಿನಲ್ಲಿ ತಾತ ಪಾತ್ರೆ ದಾನ ಮಾಡಿದರು. ಅಟ್ಟದ ಮೇಲಿನ ಅವೇ ಪಾತ್ರೆಗಳನ್ನು ಹುಲ್ಲು ಸುತ್ತಿ ಗಾಡಿಗೇರಿಸಿದರು.

ಗಾಡಿ ಹೊರಟ ಮೇಲೆ ಅಮ್ಮ ಓಡಿ ಬಂದು ಹೇಳಿದಳು. ಸೊಣ್ಣಮ್ಮ ನೆಟ್ಟಗೆ ಷೆಡ್ಡಿಗೆ ಹೋದಳು.

"ಯಜಮಾನ್ರೇ, ಇದೇನು ಮಾಡಿಬಿಟ್ರಿ?"

ತಾತ ಕೆಲಸದವರನ್ನು ಹೊರಗೆ ಕಳಿಸಿದರು. "ಛತ್ರದಲ್ಲಿ ಯಾರು ದಿನಾ ಉಣ್ತಾರೆ? ಒಂದು ಹೊತ್ತು ಉಂಡು ಹೋಗೋರು. ಒಂದು ಹೊತ್ತಿಗೆ ಏನಾಗ್ತದೆ? ಈ ಯುದ್ಧದಲ್ಲಿ ಹಿತ್ತಾಳೆ ಎಲ್ಲಿ ಸಿಗ್ತದೆ ಹೇಳು. ಮನೇಲಿ ಇಟ್ಕೊಂಡ್ರೆ... ನನಗೆ ಅವನ್ನ ನೋಡೋಕಾಗಲ್ಲ ಸೊಣ್ಣಿ."

"ಅಡುಗೆಯೋಳು ದಿನಾ ಉಣ್ತಾಳೆ. ಅವಳ ಮಕ್ಕಳು ಉಣ್ತವೆ."

ಸೊಣ್ಣಮ್ಮ ಕೊಟ್ಟಿಗೆಗೆ ಬಂದು, ಗೂಟ ಬಡಿಯುವ ಸುತ್ತಿಗೆಯನ್ನೂ ಬೆರಳು ಗಾತ್ರದ ಒಂದು ಮೊಳೆಯನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಡುವ ಮೊದಲು ಅಮ್ಮನಿಗೆ ಪಾಪಯ್ಯ ಹೇಳಿದ್ದನ್ನು ಪೂರ್ತಿ ಹೇಳಿದಳು. ಅಮ್ಮ ಅಳಲಿಲ್ಲ. "ಬೇಗ ಹೋಗು" ಅಂದಳು.

ಮರುದಿನ ಮಧ್ಯಾಹ್ನ ಛತ್ರ ತಲುಪಿದಳು. ಛತ್ರ ನೋಡಿಕೊಳ್ಳುತ್ತಿದ್ದ ಬೈಲಪ್ಪನಿಗೆ ವಿಷಯ ತಿಳಿಸಲು ನೋಡಿದಳು. ಗೋಪಾಲಪ್ಪನಂಥವರು ದಾನ ಕೊಟ್ಟ ಪಾತ್ರೆಯಲ್ಲಿ ವಿಷವೆಂದರೆ ಯಾರು ನಂಬುತ್ತಾರೆ? ಅವನು ಗದರಿಸಿ ಕಳಿಸಿದ. ಅಡುಗೆಮನೆಯ ಹಿಂಬದಿಯಲ್ಲಿ ತಪ್ಪಲೆಗಳನ್ನು ತೊಳೆದು ಕವುಚಿದ್ದರು. ಅಡುಗೆಯವಳ ಎರಡು ಮಕ್ಕಳು ಒಂದು ಕೊಳದಪ್ಪಲೆಯ ಬೆನ್ನ ಮೇಲೆ ಹತ್ತಿ ಜಾರುತ್ತಿದ್ದವು. ಸೊಣ್ಣಮ್ಮ ಮಕ್ಕಳನ್ನು ಕೆಳಗಿಳಿಸಿ, ಮೊಳೆ ಇಟ್ಟು ಸುತ್ತಿಗೆ ಬೀಸಿದಳು. ಸದ್ದಿಗೆ ಜನ ಓಡಿ ಬಂದರು. ಅವಳು ನಿಲ್ಲಿಸಲಿಲ್ಲ. ಕೈ ಹಿಡಿದುಕೊಳ್ಳುವಷ್ಟರಲ್ಲಿ ಕೊಳಗದ ತಳವೂ ಸೇರಿ ಐದು ಪಾತ್ರೆ ತೂತಾಗಿದ್ದವು. ಆರನೆಯದಕ್ಕೆ ಎತ್ತಿದ ಕೈಗೆ ಯಾರೋ ಸೌದೆಯಿಂದ ಹೊಡೆದರು. ಆ ಕೈಯ ಒಂದು ಬೆರಳು ಕೊನೆಯವರೆಗೂ ನೆಟ್ಟಗಾಗಲಿಲ್ಲ.

ಆ ಊರಿನ ಪಟೇಲ ದೊಡ್ಡಬೀರಪ್ಪ ಅವಳನ್ನು ಕಂಬಕ್ಕೆ ಕಟ್ಟಿಸಿ, ವಿಜಯಪುರಕ್ಕೆ ಆಳು ಕಳಿಸಿದ. ಮರುದಿನ ತಾತ ಗಾಡಿಯಲ್ಲಿ ಬಂದಿಳಿದರು. ಜನ ಸುತ್ತ ನೆರೆದಿದ್ದರು. ತೂತು ಬಿದ್ದ ಪಾತ್ರೆಗಳನ್ನು ಸಾಲಾಗಿ ಇಟ್ಟಿದ್ದರು.

"ನಿಮ್ಮ ಪಾತ್ರೇಲಿ ವಿಷ ಐತೆ ಅಂತಾಳೆ ಇವಳು. ಏನಂತೀರಿ ಗೋಪಾಲಪ್ಪನೋರೇ? ಪೋಲೀಸಿಗೆ ಕೊಡೋಣ್ವಾ?" ಅಂತ ಪಟೇಲ ಕೇಳಿದ.

ತಾತ ಸೊಣ್ಣಮ್ಮನ ಕಡೆ ನೋಡಲಿಲ್ಲ. "ಪೋಲೀಸು ಬೇಡ. ನಮ್ಮ ಮಗು ಸತ್ತಾಗಿಂದ ಅವಳಿಗೆ ತಲೆ ಸರಿ ಇಲ್ಲ. ಹುಚ್ಚಿ ಅವಳು. ಬಿಟ್ಟುಬಿಡಿ."

ಎಲ್ಲರೂ ಅವಳ ಮುಖ ನೋಡಿದರು. ಇಲ್ಲ ಅಂದರೆ ಜೈಲು. ಹೌದು ಅಂದರೆ ಹುಚ್ಚಿ. ಸೊಣ್ಣಮ್ಮ "ಹೂಂ, ಹುಚ್ಚೀನೇ" ಅಂದಳು. "ಆದ್ರೆ ಆ ಆರನೇದನ್ನೂ ಒಡೆದುಹಾಕಿ ಯಜಮಾನ್ರೇ. ಒಡೆಯೋವರೆಗೂ ನಾನು ಮತ್ತೆ ಮತ್ತೆ ಬರ್ತೀನಿ. ಹುಚ್ಚರನ್ನ ಯಾರು ತಡೀತಾರೆ?"

ತಾತ ಗಾಡಿಯವನಿಗೆ ಹೇಳಿ ಆರೂ ಪಾತ್ರೆಗಳನ್ನು ವಾಪಸು ಗಾಡಿಗೆ ಹಾಕಿಸಿದರು. ಛತ್ರಕ್ಕೆ ಎರಡು ದೊಡ್ಡ ಕಬ್ಬಿಣದ ಬಾಣಲೆ ಕಳಿಸುತ್ತೇನೆ ಅಂದರು, ಕಳಿಸಿದರು ಕೂಡ. ಆ ತಪ್ಪಲೆಗಳು ಏನಾದವು ಅಂತ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಕೆರೆಗೆ ಎಸೆದರು ಅನ್ನುವವರುಂಟು. ಅಮ್ಮ ಮಾತ್ರ ಹಲವು ವರ್ಷ ಬೇರೆಯವರ ಮನೆಯಲ್ಲಿ ಉಣ್ಣುವ ಮೊದಲು ಪಾತ್ರೆಯನ್ನು ದಿಟ್ಟಿಸಿ ನೋಡುತ್ತಿದ್ದಳು.

ಪಾಪಯ್ಯ ಮುಂದಿನ ವರ್ಷ ತೀರಿಕೊಂಡ. ಅವನು ಹೆಸರು ಹೇಳಿದ ಆರೇಳು ಊರುಗಳಿಗೆ ಸೊಣ್ಣಮ್ಮ ಒಂದೊಂದಾಗಿ ಹೋದಳು. ಕೆಲವು ಕಡೆ ಬಾಗಿಲು ಹಾಕಿಕೊಂಡರು. ಒಂದೂರಲ್ಲಿ ಕಲ್ಲು ಹೊಡೆದರು. ಇನ್ನೊಂದೂರಲ್ಲಿ, ಆ ವರ್ಷ ಒಂದೇ ಬೀದಿಯಲ್ಲಿ ಮೂರು ಮಕ್ಕಳು ಸೆಳವು ಬಂದು ಹೋಗಿವೆ, ಮಾರಮ್ಮನ ಮುನಿಸು ಅಂತ ಒಬ್ಬ ಮುದುಕಿ ಹೇಳಿದಳು. ಸೊಣ್ಣಮ್ಮ ಆ ಮನೆಗಳ ತಪ್ಪಲೆಗಳನ್ನು ತರಿಸಿ ತನ್ನ ಸೆರಗಿನಿಂದ ಉಜ್ಜಿದಳು. ಸೆರಗು ಕಪ್ಪಾಯಿತು. ಗಂಡಸರು ಹುಚ್ಚಿ ಅಂದು ನಕ್ಕರು. ಹೆಂಗಸರು ನಗಲಿಲ್ಲ, ಆ ಸಂಜೆಯೇ ಮಣ್ಣಿನ ಮಡಕೆ ಒಲೆಗೇರಿಸಿದರು.

ಅವಳು ಮತ್ತೆ ನಮ್ಮ ಮನೆಗೆ ಕೆಲಸಕ್ಕೆ ಬರಲಿಲ್ಲ. ಬೂದಿಗೆರೆ ಕಡೆ ತನ್ನ ಊರಲ್ಲೇ ಅಣ್ಣನ ಜಮೀನಿನ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡಳು. ಉಳಿದ ಮೂರು ಮೀನುಗಳನ್ನು ಅಮ್ಮ ಮಡಕೆಯಲ್ಲಿ ಕಳಿಸಿಕೊಟ್ಟಳು. ಒಂದು ನಾಲ್ಕು ವರ್ಷ ಬದುಕಿತಂತೆ, ಬಾಲ ಕೊನೆಗೂ ಪೂರ್ತಿ ಹೊಂಬಣ್ಣಕ್ಕೆ ತಿರುಗಲಿಲ್ಲ. ಊರಲ್ಲಿ ಮಕ್ಕಳನ್ನು ಅವಳ ಹತ್ತಿರ ಬಿಡುತ್ತಿರಲಿಲ್ಲ. ಆದರೂ ದೀಪಾವಳಿ ಬಂತೆಂದರೆ ಕಲಾಯಿ ಮಾಡಿಸಿದ ಪಾತ್ರೆಯನ್ನು ಸೆರಗಿನಡಿ ಮುಚ್ಚಿಕೊಂಡು ಹೆಂಗಸರು ಅವಳ ಹಿಂಬಾಗಿಲಿಗೆ ಬರುತ್ತಿದ್ದರು.

ನಾನು ಹುಟ್ಟಿದ್ದು ನಲವತ್ತಾರರಲ್ಲಿ. ನನ್ನ ತಾಯಿ ಆ ಮನೆಯಲ್ಲಿ ಮಾವನಿಗೆ ಇನ್ನೂ ಹತ್ತೊಂಬತ್ತು ವರ್ಷ ಬಡಿಸಿದಳು. ಹೊತ್ತಿಗೆ ಸರಿಯಾಗಿ, ಬಿಸಿಯಾಗಿ, ತಲೆಯ ಮೇಲೆ ಸೆರಗು ಹೊದ್ದು. ಒಂದು ಮಾತೂ ಆಡಲಿಲ್ಲ. ತಾತ ಅದನ್ನು ಗೌರವ ಅಂದುಕೊಂಡಿದ್ದರೋ, ಅವಳಿಗೆ ಎಲ್ಲ ಗೊತ್ತು ಅಂತ ತಿಳಿದಿತ್ತೋ. ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ, "ವರಲಕ್ಷ್ಮಿ, ನಿನಗೆ ಗೊತ್ತಾ?" ಅಂತ ಒಂದು ಸಲ ಕೇಳಿದರು. ಅಮ್ಮ ಗಂಜಿಯ ಬಟ್ಟಲನ್ನು ಅವರ ಕೈಗೆ ಎಟುಕುವ ಹಾಗಿಟ್ಟು, ಹೊರಗೆ ಬಂದು ಜಗಲಿಯ ಮೇಲೆ ಕೂತಳು.